ಬಣ್ಣ ಸಾಯಿಸುವ ಕೆಲಸ

"ನಿಮ್ಮ ಹೇಲು ಕುಡಿದು ಊರಿಗೂರೇ ಸಾಯಬೇಕೇನ್ರೇ, ಮುಂಡೇವಾ?"

ಆಫೀಸರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಗದರಿದ. ಅವನ ಹಿಂದೆ ಬಂದ ಇಬ್ಬರು ಗುಡಿಸಲುಗಳ ಗೋಡೆಗೆ ಸುಣ್ಣದ ಗೀಟು ಎಳೆಯುತ್ತಿದ್ದರು. ಗೀಟು ಬಿದ್ದ ಮನೆ ನಾಳೆ ನೆಲಸಮ. ಊರಿಗೆಲ್ಲ ನೀರು ಕೊಡುವ ಬಾವಿಯ ಸುತ್ತಲಿನ ನೆಲಕ್ಕೆ ಹೊಸ ನಿಯಮ ಬಂದಿತ್ತು. ಗಡಿಕಲ್ಲಿನ ಒಳಗೆ ಕಕ್ಕಸುಗುಂಡಿ ಇರಕೂಡದು, ಕೊಟ್ಟಿಗೆ ಇರಕೂಡದು, ಕೊಳೆನೀರು ಇಂಗಿಸುವ ಯಾವುದೂ ಇರಕೂಡದು. ಕಲ್ಲುಗಳು ರಸ್ತೆಯುದ್ದಕ್ಕೂ ನೆಟ್ಟಗೆ ಬಂದಿದ್ದವು. ಸಾಹುಕಾರನ ಬಣ್ಣದ ಕಾರ್ಖಾನೆಯ ಗೋಡೆ ಕಂಡದ್ದೇ ಸೊಂಟ ಬಳುಕಿಸಿ, ಅದನ್ನು ಹೊರಗೆ ಬಿಟ್ಟು, ಗುಡಿಸಲುಗಳನ್ನೆಲ್ಲ ಒಳಗೆ ಎಳೆದುಕೊಂಡಿದ್ದವು.

"ಸ್ವಾಮಿ," ಅಂದಳು ಗೀಟು ಬಿದ್ದ ಗುಡಿಸಲೊಂದರ ಮುಂದೆ ನಿಂತಿದ್ದ ಅತ್ತೆ, ಬಾಯಿಹುಣ್ಣಿಗೆ ನಾಲಗೆ ತಾಗದ ಹಾಗೆ. "ಅಲ್ಲೀತನಕ ನೆಟ್ಟಗೆ ಬಂದ ಕಲ್ಲಿಗೆ, ಆ ಗೋಡೆ ಕಂಡ್ಕೂಡ್ಲೆ ಹೊಟ್ಟೆ ನುಲೀತಾ?"

ಸುಣ್ಣ ಬಳಿಯುತ್ತಿದ್ದವನೊಬ್ಬ ಕಿಸಕ್ಕನೆ ನಕ್ಕ. ಆಫೀಸರು ನಗಲಿಲ್ಲ.

"ಅದು ಕಾರ್ಖಾನೆ. ಪರವಾನಗಿ ಇದೆ. ನಿನ್ನ ತಿಕಕ್ಕೆ ಪರವಾನಗಿ ಇದೆಯೇನೇ ಮುದುಕಿ?"

ಬಾಗಿಲಲ್ಲಿ ನಿಂತಿದ್ದ ಸೊಸೆ ತಲೆ ತಗ್ಗಿಸಿದಳು. ಮಾತು ಕಡಿಮೆ ಎಂದು ಕೇರಿಯವರೆಲ್ಲ ಅವಳನ್ನು ಮೂಗಿ ಎನ್ನುತ್ತಿದ್ದರು. ಗಂಡ ಸತ್ತ ಮೇಲೆ ಅತ್ತೆ ಸೊಸೆ ಇಬ್ಬರೇ. ಇಬ್ಬರ ಮಾತನ್ನೂ ಅತ್ತೆಯೇ ಆಡುತ್ತಿದ್ದಳು.

"ದೇವ್ರು ನಿಂಗೆ ಬಾಯಿ ಕೊಟ್ಟಿದ್ದು ಬರೀ ಉಣ್ಣಕ್ಕಾ?" ಎಂದಳು ಅತ್ತೆ, ಅವರು ಹೋದ ಮೇಲೆ. "ನಿನ್ನ ಸಾಹುಕಾರ ಆ ನಿಯಮ ಮಾಡಿದ ಕಮಿಟೀಲಿ ಇದಾನಂತೆ. ಹೋಗಿ ಕಾಲಾದ್ರೂ ಹಿಡಿ. ಸೂರು ಹೋದ್ರೆ ಎಲ್ಲಿ ಬಿದ್ಕೊಳ್ಳೋದೆ?"

ಸಾಹುಕಾರನ ಕಾರ್ಖಾನೆಯಲ್ಲಿ ಸೊಸೆಯದು ಬಣ್ಣ ಸಾಯಿಸುವ ಕೆಲಸ. ಬಟ್ಟೆ ಅದ್ದಿ ತೊಳೆದ ನೀರೆಲ್ಲ ಹಿತ್ತಲಿನ ತೊಟ್ಟಿಗೆ ಬಂದು ನಿಲ್ಲುತ್ತದೆ. ಅದಕ್ಕೆ ಬ್ಲೀಚಿಂಗ್ ಪುಡಿ ಸುರಿದು, ಸೆರಗಿನಿಂದ ಮೂಗು ಕಟ್ಟಿಕೊಂಡು, ಕೋಲಿನಿಂದ ತಿರುವಬೇಕು. ಕೆಂಪು ಹಳದಿಯಾಗಿ, ಹಳದಿಯೂ ಹೋಗಿ ತಳ ಕಂಡ ಮೇಲೆ ಮೂಲೆಯ ಚಪ್ಪಡಿ ಸರಿಸಿ ನೀರು ಬಿಡಬೇಕು. ಚಪ್ಪಡಿಯ ಕೆಳಗೆ ಬತ್ತಿದ ಬೋರ್‌ವೆಲ್. ನೀರು ಗೊಳಗೊಳ ಇಳಿದುಹೋಗುತ್ತದೆ. ಎಲ್ಲಿಗೆ ಎಂದು ಯಾರೂ ಕೇಳಿದವರಿಲ್ಲ.

ಎಲ್ಲಿಗೆಂದು ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಪುಡಿ ಸಾಲದೆ, ಬಣ್ಣಕ್ಕೆ ಇನ್ನೂ ಅರೆಜೀವ ಇರುವಾಗಲೇ ಬಿಟ್ಟಿದ್ದಳು. ಮರುದಿನ ಕೇರಿಯ ಕೈಪಂಪಿನಲ್ಲಿ ನಸುಗೆಂಪು ನೀರು. ಕೊಳವೆ ತುಕ್ಕು ಹಿಡಿದಿದೆ ಎಂದುಕೊಂಡು ಎಲ್ಲರೂ ಬಟ್ಟೆಯಲ್ಲಿ ಸೋಸಿ ಕುಡಿದರು. ಅವಳೂ ಸೋಸಿದಳು, ಕುಡಿದಳು, ಅತ್ತೆಗೂ ಕೊಟ್ಟಳು. ಅಲ್ಲಿಂದ ಮೇಲೆ ಇನ್ನಷ್ಟು ಮೂಗಿಯಾದಳು.

ಸಾಹುಕಾರ ಅಂದು ಹಿತ್ತಲಿಗೇ ಬಂದ. ನಾಳೆ ಬಾವಿಕಟ್ಟೆಯಲ್ಲಿ ಫಲಕ ನೆಡುವ ಸಮಾರಂಭ. ಅದರ ಚಪ್ಪರದ ಬಟ್ಟೆಗೆಂದು ಒಲೆಯ ಮೇಲೆ ಕೆಂಪು ಬಣ್ಣ ಕಾಯುತ್ತಿತ್ತು.

"ಅಯ್ಯಾ," ಅಂದಳು. "ನಮ್ಮ ಮನೆಗಳು…"

"ಅರೆ, ಇದಕ್ಕೆ ಮಾತು ಬರುತ್ತೆ ಕಣ್ರೋ," ಎಂದ ಸಾಹುಕಾರ, ಕೆಲಸದವರ ಕಡೆ ತಿರುಗಿ. ಅವರು ನಗಬೇಕಾಗಿ ಬಂತು, ನಕ್ಕರು. "ನಾನೇನ್ ಮಾಡ್ಲವ್ವ, ನಿಯಮ ನಿಯಮವೇ. ನೀರು ಕೆಡಿಸಿದೋರು ಜಾಗ ಬಿಡ್ಬೇಕು."

ಅವಳ ಕಣ್ಣು ತಡೆಯಲಾರದೆ ಚಪ್ಪಡಿಯ ಕಡೆ ಹೋಯಿತು. ಅದನ್ನು ಅವನೂ ನೋಡಿದ. ಹತ್ತಿರ ಬಂದು ದನಿ ತಗ್ಗಿಸಿದ.

"ಕೈ ಚಾಚು."

ಚಾಚಿದಳು. ಮೊಣಕೈವರೆಗೂ ಕೆಂಪು, ಉಗುರಿನ ಸಂದಿಯಲ್ಲಿ ನೀಲಿ.

"ನಂದು ನೋಡು." ಅವನ ಅಂಗೈ ಹಾಲಿನ ಕೆನೆಯ ಹಾಗಿತ್ತು. "ಸುರಿದಿದ್ದು ಯಾರು ಅಂತ ನಾಳೆ ಪೊಲೀಸ್ನೋರು ಕೇಳಿದ್ರೆ, ಯಾವ ಕೈಗೆ ಬೇಡಿ ಹಾಕ್ತಾರೆ ಹೇಳು? ಬಾಯಿ ಮುಚ್ಕೊಂಡು ಕೆಲ್ಸ ಮುಗ್ಸು, ಬೋಳಿ."

ಸಂಜೆ ತೊಟ್ಟಿ ತುಂಬಿತು. ಇಷ್ಟು ದಟ್ಟ ಕೆಂಪನ್ನು ಅವಳು ಕಂಡಿರಲಿಲ್ಲ. ಪುಡಿಯ ಚೀಲ ಗೋಡೆಗೆ ಒರಗಿ ಹಾಗೇ ಇತ್ತು. ಕೋಲು ಹಿಡಿದು ಬರಿದೇ ತಿರುವಿದಳು, ಸದ್ದು ಕೇಳಲಿ ಎಂದು.

"ಸತ್ತಿತಾ?" ಮೇಲಿನ ಕಿಟಕಿಯಿಂದ ಸಾಹುಕಾರ ಕೂಗಿದ.

"ಸತ್ತಿತು," ಎಂದಳು. ಚಪ್ಪಡಿ ಸರಿಸಿದಳು.

ಬೆಳಿಗ್ಗೆ ಕೇರಿಯವರು ಗಂಟುಮೂಟೆ ಹೊರಗಿಡುತ್ತಿದ್ದರು. ಅತ್ತೆ ಕೈಪಂಪು ಒತ್ತುತ್ತಿದ್ದವಳು ಕಿಟಾರನೆ ಕಿರುಚಿ ಹಿಂದೆ ಸರಿದಳು.

"ಇದೇನೇ ಇದು? ಭೂಮ್ತಾಯಿ ಮುಟ್ಟಾದ್ಲೇನೇ?"

"ಕೊಡ ತುಂಬು ಅತ್ತೆ," ಎಂದಳು ಸೊಸೆ. "ಚೆಲ್ಬೇಡ."

ಬಾವಿಕಟ್ಟೆಯ ಮುಂದೆ ಕೆಂಪು ಚಪ್ಪರ, ಪಕ್ಕದಲ್ಲಿ ಗುರುಗುಡುತ್ತ ನಿಂತ ಬುಲ್ಡೋಜರ್. ಸಂರಕ್ಷಿತ ನೀರಿನ ಮೊದಲ ಲೋಟವನ್ನು ಎಲ್ಲರೆದುರು ಕುಡಿಯಲೆಂದು ಆಫೀಸರು ಎದ್ದು ನಿಂತಿದ್ದ. ಸಾಹುಕಾರ ಚಪ್ಪಾಳೆಗೆ ಕೈ ಎತ್ತಿದ್ದ. ಅವಳು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಸೊಂಟದ ಕೊಡವನ್ನು ಮೇಜಿನ ಬಿಳಿ ಬಟ್ಟೆಯ ಮೇಲೆ ಇಟ್ಟಳು. ತುಳುಕಿದ ಕೆಂಪು ಬಟ್ಟೆಯುದ್ದಕ್ಕೂ ಹರಡಿತು.

"ಯಾರೋ ಇವಳನ್ನ ಬಿಟ್ಟಿದ್ದು?" ಸಾಹುಕಾರ ಅರಚಿದ. "ಹುಚ್ಚಿ ಅದು, ಎಳೀರೋ ಆಚೆಗೆ."

ಅವಳು ರವಿಕೆಯ ತೋಳು ಮೇಲೆ ಸರಿಸಿ ಎರಡೂ ಕೈಗಳನ್ನು ಮೇಜಿನ ಮೇಲೆ ಊರಿದಳು.

"ಇದು ನಮ್ಮ ಕೈಪಂಪಿನ ನೀರು. ಸುರಿದ ಕೈ ಇಲ್ಲೇ ಇದೆ, ಬೇಡಿ ತನ್ನಿ. ಸುರಿ ಅಂದ ಬಾಯಿ ಅಲ್ಲಿ ಕೂತಿದೆ. ತೂತು ಅವರ ಹಿತ್ತಲಲ್ಲಿದೆ, ಚಪ್ಪಡಿ ಕೆಳಗೆ. ನಾನೇ ತೋರಿಸ್ತೀನಿ." ಅವಳು ಜನರ ಕಡೆ ತಿರುಗಿದಳು. "ಕೆಂಪು ನೋಡಿ ಹೆದರ್ಬೇಡಿ. ನಿನ್ನೆ ನಾನು ಬಣ್ಣ ಸಾಯಿಸ್ಲಿಲ್ಲ, ಅಷ್ಟೆ. ದಿನಾ ಸಾಯಿಸಿ ಬಿಡ್ತಿದ್ದೆ. ಅದು ತಿಳಿಯಾಗಿರ್ತಿತ್ತು."

ಬುಲ್ಡೋಜರ್ ಓಡಿಸುವವನು ಎಂಜಿನ್ ಆರಿಸಿ ಕೆಳಗಿಳಿದ. ಹಿಂದಿನ ಸಾಲಿನಲ್ಲಿ ಒಬ್ಬಳು ತಾಯಿ, ಮಗುವಿನ ಬಾಯಿಂದ ನೀರಿನ ಬಾಟಲಿ ಕಿತ್ತುಕೊಂಡಳು.

ಆಫೀಸರ ಕೈಯಲ್ಲಿ ಲೋಟ ಹಾಗೇ ಇತ್ತು. ಬಾವಿಯಿಂದ ಆಗಷ್ಟೇ ಸೇದಿದ ನೀರು, ನಿನ್ನೆಯ ಕೆಂಪು ಇನ್ನೂ ಮುಟ್ಟಿರದ ನೀರು, ಅವನ ಬೆರಳುಗಳು ಆಚೆಯಿಂದ ಕಾಣುವಷ್ಟು ತಿಳಿ.

"ಕುಡೀರಿ ಸ್ವಾಮಿ," ಅಂದಳು ಹಿಂದಿನಿಂದ ಅತ್ತೆ.