ಹಾಲುಸಕ್ಕರೆ

"ಮಗು ಏನು ತಿಂದಿತ್ತು? ಸರಿಯಾಗಿ ನೆನಪು ಮಾಡಿಕೊಂಡು ಹೇಳಿ," ಎಂದು ಡ್ಯೂಟಿ ಡಾಕ್ಟರು ಮರಾಠಿಯಲ್ಲಿ ಮೂರನೆಯ ಸಲ ಕೇಳಿದರು. ಇನ್ನೂ ಕಾಲೇಜು ಹುಡುಗಿಯಂತೆ ಕಾಣುತ್ತಿದ್ದ ಆಕೆಯ ದನಿಯಲ್ಲಿ ಗದರಿಕೆ ಇರಲಿಲ್ಲ. ಆದರೆ ಉತ್ತರ ಸಿಗದೆ ಅಲ್ಲಿಂದ ಕದಲುವ ಲಕ್ಷಣವೂ ಇರಲಿಲ್ಲ.

ನಳಿನಾಕ್ಷಿ ಬೆರಳು ಮಡಚಿ ಹೇಳಿದರು. ಬೆಳಿಗ್ಗೆ ಎರಡು ಇಡ್ಲಿ, ಕಾಯಿಚಟ್ನಿ. ಹತ್ತು ಗಂಟೆಗೆ ಅರ್ಧ ಬಾಳೆಹಣ್ಣು. ಊಟಕ್ಕೆ ಇನ್ನೂ ಕೂತಿರಲೇ ಇಲ್ಲ. ಹಾಲು, ಮೊಸರು, ತುಪ್ಪ ಯಾವುದೂ ತಾಗಿಲ್ಲ, ದೇವರಾಣೆ. ಮನೆಯಲ್ಲಿ ಹಾಲಿನ ಪಾತ್ರೆಯೇ ಬೇರೆ, ಅದನ್ನು ಉಜ್ಜುವ ನಾರೂ ಬೇರೆ. ಹೇಳುತ್ತ ಹೇಳುತ್ತ ಅವರ ಮರಾಠಿ ತಡವರಿಸಿ ತುಳುವಿಗೆ ಜಾರಿತು.

ಮಂಚದ ಮೇಲೆ ಏಳು ವರ್ಷದ ಮೊಮ್ಮಗಳು ತನ್ವಿ ಆಮ್ಲಜನಕದ ಮುಖವಾಡ ಹಾಕಿಕೊಂಡು ಮಲಗಿದ್ದಳು. ತುಟಿಗಳ ಬಾವು ಇಳಿಯತೊಡಗಿತ್ತು, ಕಣ್ಣಿನ ರೆಪ್ಪೆಗಳದು ಇನ್ನೂ ಇಳಿದಿರಲಿಲ್ಲ. ಎರಡು ಗಂಟೆಯ ಹಿಂದೆ ಇದೇ ಮಗು ಮನೆಯ ಮೆಟ್ಟಿಲ ಮೇಲೆ ಉಸಿರಿಗಾಗಿ ಒದ್ದಾಡಿತ್ತು. ಆಗ ಅಜ್ಜ ಲೋಕನಾಥರು ರಿಕ್ಷಾ ಹುಡುಕಿಕೊಂಡು ಬೀದಿಯಲ್ಲಿ ಓಡುತ್ತಿದ್ದರು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ನಳಿನಾಕ್ಷಿ ಗಾಜಿನ ಆಂಪೂಲಿನ ಕುತ್ತಿಗೆ ಮುರಿದು, ಸೊಸೆ ಕಲಿಸಿದ್ದಂತೆ ಸಿರಿಂಜಿನ ಕೆಂಪು ಗೆರೆಯವರೆಗೆ ಔಷಧ ಎಳೆದು, ಮಗುವಿನ ತೊಡೆಗೆ ಚುಚ್ಚಿದ್ದರು. ಅಷ್ಟು ಮಾಡಿದ್ದರಿಂದಲೇ ಕಲ್ಯಾಣ್ ರಸ್ತೆಯ ಈ ಆಸ್ಪತ್ರೆಯವರೆಗೆ ಜೀವ ಉಳಿಯಿತು ಎಂದು ಡಾಕ್ಟರು ಹೇಳಿದರು. ನಳಿನಾಕ್ಷಿಯ ಕಿವಿಗೆ ಆ ಹೊಗಳಿಕೆ ಬಿದ್ದಂತಿರಲಿಲ್ಲ.

ಲೋಕನಾಥರು ಮಂಚದ ಕಾಲ ಬಳಿ ನಿಂತಿದ್ದರು. ಡಾಕ್ಟರು ಕೇಳುತ್ತಿರುವುದು ಮಗು ತಿಂದದ್ದನ್ನು. ತಾವು ಕೊಟ್ಟ ಮಾತ್ರೆ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಮೊದಲೆರಡು ಸಲ ಅವರಿಗೆ ಪ್ರಾಮಾಣಿಕವಾಗಿಯೇ ಅನ್ನಿಸಿತ್ತು. ಮೂರನೆಯ ಸಲ ಹೆಂಡತಿಯ ಬಾಯಿಂದ ಹಾಲು ಎಂಬ ಮಾತು ಬಂದಾಗ ಅವರಿಗೆ ಆ ಮಾತ್ರೆಯ ಬಾಟಲಿ ನೆನಪಾಯಿತು. ಆದರೂ ಬಾಯಿ ತೆರೆಯಲಿಲ್ಲ. ಡಾಕ್ಟರು ಇನ್ನೊಂದು ಮಂಚದ ಕಡೆ ಹೋದರು.

ಲೋಕನಾಥರು ಡಾಕ್ಟರಲ್ಲ. ಶಹಾಡ್ ಸ್ಟೇಷನ್ನಿನ ಹೊರಗಿದ್ದ ಹೋಟೆಲೊಂದರಲ್ಲಿ ಮೂವತ್ತು ವರ್ಷ ಹಣದ ಗಲ್ಲೆಯ ಮೇಲೆ ಕೂತವರು. ಸುತ್ತ ಕಾರ್ಖಾನೆಗಳಿದ್ದ ಆ ಜಾಗದಲ್ಲಿ ಅವರಿಗೆ ಸೀನು ಹಿಡಿದರೆ ಬೆಳಗಿನ ಇಡ್ಲಿಯ ಗಿರಾಕಿಯಿಂದ ರಾತ್ರಿಯ ಊಟದ ಗಿರಾಕಿಯವರೆಗೆ ಬಿಡುತ್ತಿರಲಿಲ್ಲ. ಎಷ್ಟೋ ಡಾಕ್ಟರುಗಳ ಮಾತ್ರೆ ನುಂಗಿ ಗಲ್ಲೆಯ ಮೇಲೆಯೇ ತೂಕಡಿಸುತ್ತಿದ್ದವರಿಗೆ, ಕೊನೆಗೆ ಒಬ್ಬ ಹೋಮಿಯೋಪಥಿ ವೈದ್ಯರ ಸಿಹಿ ಗುಳಿಗೆಯಿಂದ ಸೀನು ನಿಂತಿತು. ಗುಳಿಗೆಯಿಂದ ನಿಂತಿತೋ, ಅದೇ ವರ್ಷ ಹೋಟೆಲಿನ ಪಕ್ಕದ ಬಣ್ಣದ ಕಾರ್ಖಾನೆ ಮುಚ್ಚಿದ್ದರಿಂದ ನಿಂತಿತೋ ಎಂದು ಮಗ ಶೈಲೇಶ್ ಒಮ್ಮೆ ತಮಾಷೆ ಮಾಡಿದ್ದುಂಟು. ಲೋಕನಾಥರು ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದರು.

ಅಂದಿನಿಂದ ಅವರು ಪುಸ್ತಕ ತರಿಸಿ ಓದಿದರು, ಅಂಚೆಯಲ್ಲಿ ಪಾಠ ಕಲಿತರು. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಡೊಂಬಿವಲಿಯ ತಮ್ಮ ವಸತಿ ಸೊಸೈಟಿಯ ಆಫೀಸು ಕೋಣೆಯಲ್ಲಿ ಧರ್ಮಾರ್ಥ ಔಷಧ ಕೊಡುತ್ತ ಬಂದರು. ಬಂದವರ ಮಾತನ್ನು ಕೊನೆಯವರೆಗೆ ಕೇಳುತ್ತಿದ್ದರು, ಯಾವ ಮಗ್ಗುಲಿಗೆ ಮಲಗುತ್ತೀರಿ, ಕನಸಿನಲ್ಲಿ ಏನು ಬೀಳುತ್ತದೆ ಎಂದೆಲ್ಲ ವಿಚಾರಿಸುತ್ತಿದ್ದರು. ಅಷ್ಟು ಹೊತ್ತು ತಮ್ಮ ಮಾತು ಕೇಳುವವರು ಬೇರೆ ಯಾರೂ ಇಲ್ಲದ ಜನ ಅವರನ್ನು ಬಾಯಿತುಂಬ ಡಾಕ್ಟರ್ ಕಾಕಾ ಎಂದು ಕರೆದರೆ ಆಶ್ಚರ್ಯವೇನಿಲ್ಲ. ಮಕ್ಕಳು ಮಾತ್ರೆಗೆ ಹಠ ಹಿಡಿದರೆ ಅವರ ತಾಯಂದಿರಿಗೆ, "ಹೆದರ್ಬೇಡಿ, ಇದು ಹಾಲುಸಕ್ಕರೆ, ಮಿಠಾಯಿ ಇದ್ದ ಹಾಗೆ," ಎಂದು ನಗುತ್ತಿದ್ದರು. ಆ ಮಾತನ್ನು ಅವರು ಎಷ್ಟು ಸಾವಿರ ಸಲ ಆಡಿದ್ದರೋ.

ತನ್ವಿಗೆ ಹಾಲು ಆಗದು ಎಂದು ಗೊತ್ತಾದದ್ದು ಅವಳು ನಾಲ್ಕು ವರ್ಷದವಳಿದ್ದಾಗ. ಠಾಣೆಯ ಅಲರ್ಜಿ ತಜ್ಞರು ರಕ್ತ ಪರೀಕ್ಷಿಸಿದರು, ಹಾಲಿನ ಹನಿಯೂ ತಾಗಿಸಬೇಡಿ ಎಂದರು, ಇಂಜೆಕ್ಷನ್ ಸದಾ ಕೈಗೆ ಸಿಗುವಂತಿರಲಿ ಎಂದರು, ದೊಡ್ಡವಳಾದಂತೆ ಬಿಟ್ಟುಹೋದರೂ ಹೋಗಬಹುದು ಎಂದರು. ಲೋಕನಾಥರಿಗೆ ಅದು ರುಚಿಸಲಿಲ್ಲ. "ಹಾಲು ಬಿಡಿ ಅನ್ನುವುದು ಚಿಕಿತ್ಸೆಯಾ? ಕಳ್ಳ ಬರ್ತಾನೆ ಅಂತ ಮನೆಗೆ ಬೀಗ ಹಾಕಿ ಕೂತ ಹಾಗೆ ಆಯ್ತು. ರೋಗವನ್ನು ಒಳಗಿಂದ ತೆಗೀಬೇಕು," ಎಂದರು. ಲ್ಯಾಬಿನಲ್ಲಿ ಕೆಲಸ ಮಾಡುವ ಸೊಸೆ ಅಮಿತಾ ವಾದಕ್ಕೆ ನಿಲ್ಲಲಿಲ್ಲ. ಮನೆಯ ಪಾತ್ರೆಗಳನ್ನು ಬೇರೆ ಮಾಡಿದಳು, ಅತ್ತೆಯನ್ನು ಕೂರಿಸಿಕೊಂಡು ಮೋಸಂಬಿ ಹಣ್ಣಿಗೆ ಸೂಜಿ ಚುಚ್ಚಲು ಕಲಿಸಿದಳು. ಮಾವನನ್ನೂ ಕರೆದಿದ್ದಳು. ಅವರು ಪೇಪರಿನಿಂದ ಕಣ್ಣು ತೆಗೆದಿರಲಿಲ್ಲ.

ಅವರ ಗುಳಿಗೆಗಳಿಗೆ ಮಾತ್ರ ಅವಳು ಅಡ್ಡಿ ಮಾಡಲಿಲ್ಲ. ಮೂರು ವರ್ಷಗಳಿಂದ ತನ್ವಿ ದಿನವೂ ಸಾಬಕ್ಕಿಯಂಥ ನಾಲ್ಕು ಗುಳಿಗೆ ಚೀಪುತ್ತಿದ್ದಳು. ಅವು ಕಬ್ಬಿನ ಸಕ್ಕರೆಯವು, ಏನೂ ಆಗಿರಲಿಲ್ಲ. ಕಳೆದ ವಾರ ಅವಳಿಗೆ ನೆಗಡಿ ಹಿಡಿದು ಬಿಡದಿದ್ದಾಗ ಲೋಕನಾಥರು ಔಷಧ ಬದಲಿಸುವ ಮನಸ್ಸು ಮಾಡಿದರು. ಶನಿವಾರ ಅಮಿತಾ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಕಾಮೋಠೆಗೆ ಹೋದಳು. ಅಂದು ಮಧ್ಯಾಹ್ನ ಅವರು ಹೊಸ ಬಾಟಲಿಯ ಮುಚ್ಚಳ ತೆಗೆದು ಎರಡು ಚಪ್ಪಟೆ ಮಾತ್ರೆ ಕೊಟ್ಟರು. ಬಯೋಕೆಮಿಕ್ ಮಾತ್ರೆ. ಹಾಲುಸಕ್ಕರೆಯದು. ಆ ಹೆಸರಿನಲ್ಲೇ ಹಾಲಿದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಮಾತ್ರೆ ಕರಗಿದ ಹತ್ತು ನಿಮಿಷಕ್ಕೆ ತನ್ವಿಯ ತುಟಿಯ ಸುತ್ತ ಕೆಂಪಾಗಿ, ಗಲ್ಲದ ಮೇಲೆ ಮೂರು ದದ್ದು ಎದ್ದಿದ್ದವು. ನಳಿನಾಕ್ಷಿ ತರಕಾರಿಗೆ ಹೋಗಿದ್ದರು. ಲೋಕನಾಥರು ಮಗುವನ್ನು ಕಿಟಕಿಯ ಬೆಳಕಿಗೆ ಕರೆದು ಗಲ್ಲ ಎತ್ತಿ ನೋಡಿದರು. ಅವರು ಓದಿದ ಪುಸ್ತಕಗಳೆಲ್ಲ ಹೇಳುತ್ತಿದ್ದುದು ಒಂದೇ: ಸರಿಯಾದ ಔಷಧ ತಾಗಿದರೆ ರೋಗ ಮೊದಲು ಉಲ್ಬಣಿಸುತ್ತದೆ, ಆಮೇಲೆ ಬಿಟ್ಟು ಹೋಗುತ್ತದೆ. ಭಾನುವಾರ ಬಂದವರು ಕಜ್ಜಿ ಜಾಸ್ತಿಯಾಯಿತೆಂದು ಅತ್ತರೆ ಅವರು ಇದನ್ನೇ ಹೇಳಿ ಧೈರ್ಯ ತುಂಬುತ್ತಿದ್ದರು. ಮೂರು ವರ್ಷ ಕಾದ ಮೇಲೆ ತಮ್ಮ ಮೊಮ್ಮಗಳ ಮೈಯಲ್ಲೇ ಆ ಗುರುತು ಕಂಡಾಗ ಅವರಿಗೆ ಕುಣಿಯುವಷ್ಟು ಸಂತೋಷವಾಯಿತು. ಒಂದು ಗಂಟೆಯಲ್ಲಿ ದದ್ದು ಮಾಯವಾಯಿತು. ನೋಟುಪುಸ್ತಕದಲ್ಲಿ ತಾರೀಕು ಹಾಕಿ, 'ಔಷಧ ಹಿಡಿದಿದೆ' ಎಂದು ಬರೆದರು. ಯಾರಿಗೂ ಹೇಳಲಿಲ್ಲ. ಈ ದಿನ, ಭಾನುವಾರ, ಸೊಸೈಟಿ ಆಫೀಸಿನಿಂದ ಬಂದವರೇ ಎರಡರ ಬದಲು ನಾಲ್ಕು ಕೊಟ್ಟರು.

ಅಮಿತಾ ಬಂದಾಗ ಮೂರು ಗಂಟೆ ದಾಟಿತ್ತು. ಹಳಿ ದುರಸ್ತಿಯ ಮೆಗಾಬ್ಲಾಕ್ ಎಂದು ರೈಲಿನ ಆಸೆ ಬಿಟ್ಟು ತಳೋಜಾ ಮಾರ್ಗವಾಗಿ ಟ್ಯಾಕ್ಸಿ ಹಿಡಿದು ಬಂದಿದ್ದಳು. ವಾಶಿಯ ಮಾಲ್‌ನಲ್ಲಿ ರೆಸ್ಟೋರೆಂಟ್ ನೋಡಿಕೊಳ್ಳುವ ಶೈಲೇಶ್ ಇನ್ನೂ ದಾರಿಯಲ್ಲಿದ್ದ. ಅವಳು ಯಾರ ಜೊತೆಯೂ ಮಾತಾಡದೆ ಮಗಳ ಎದೆಗೆ ಕಿವಿ ಇಟ್ಟು ಕೇಳಿದಳು. ಆಮೇಲೆ ನೆಟ್ಟಗೆ ನಿಂತು, "ಇಂಜೆಕ್ಷನ್ ಯಾರು ಕೊಟ್ಟದ್ದು?" ಎಂದಳು.

"ನಾನೇ," ಎಂದರು ನಳಿನಾಕ್ಷಿ. "ಅವಸರದಲ್ಲಿ ಚುಚ್ಚಿದೆ ಮಾರಾಯ್ತಿ. ಸರಿ ಕೊಟ್ಟಿದ್ದೇನಾ ಇಲ್ವಾ ಅಂತ ಈಗ್ಲೂ ಗೊತ್ತಿಲ್ಲ."

ಅಮಿತಾ ಅತ್ತೆಯ ಎರಡೂ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಅತ್ತಳು. ಅವಳಿಗೆ ತುಳು ಬಾರದು. ಮನೆಯಲ್ಲಿ ಅವಳೊಂದಿಗೆ ಎಲ್ಲರೂ ಕನ್ನಡವೇ ಆಡುತ್ತಿದ್ದರು. ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು, "ಅತ್ತೆ, ನಿನ್ನೆ ಬೆಣ್ಣೆ ಕಾಯಿಸಿದ್ರಾ?"

"ಕಾಯಿಸಿದ್ದೆ. ಮಾವನಿಗೆ ತುಪ್ಪ ಮುಗಿದಿತ್ತು."

"ಆ ಸೌಟು?"

"ಬೇರೆಯೇ ತೊಳ್ದೆ ಅಂತ ನೆನಪು..." ನಳಿನಾಕ್ಷಿ ಮೂರು ವರ್ಷ ಒಂದು ದಿನವೂ ತಪ್ಪದ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ತೊಳ್ದಿದ್ದೇನಾ? ಚಟ್ನಿಗೆ ಒಗ್ಗರಣೆ ಹಾಕಿದ್ದು ಅದೇ ಸೌಟಲ್ಲೋ ಏನೋ. ನನ್ನಿಂದಲೇ ಆದದ್ದು ಅಮಿತಾ. ವಯಸ್ಸಾಯ್ತು ನನಗೆ."

"ನಿಮ್ಮ ಮೇಲೆ ಸಿಟ್ಟಲ್ಲ ಅತ್ತೆ, ಸಚ್ ಹೇಳ್ತೇನೆ. ಆದ್ರೆ ನಂಗೆ ಧೈರ್ಯ ಇಲ್ಲ. ಸ್ವಲ್ಪ ದಿನ ತನ್ವಿ ಕಾಮೋಠೆಯಲ್ಲಿ ಅಮ್ಮನ ಹತ್ರ ಇರ್ಲಿ. ಸ್ಕೂಲು ಮತ್ತೆ ನೋಡುವ."

ನಳಿನಾಕ್ಷಿ ಆಗಲಿ ಎಂಬಂತೆ ತಲೆಯಾಡಿಸಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಬದಿಯ ಸ್ಟೂಲಿನ ಮೇಲೆ ಕೂತುಬಿಟ್ಟರು.

ಲೋಕನಾಥರಿಗೆ ಆಗ ಬಂದ ಯೋಚನೆ ಬಹಳ ಸುಲಭದ್ದು. ಆ ಬಾಟಲಿಯನ್ನು ಕಸಕ್ಕೆ ಹಾಕಿದರೆ ಮುಗಿಯಿತು. ನೋಟುಪುಸ್ತಕದ ಒಂದು ಹಾಳೆ ಹರಿದರಾಯಿತು. ಇನ್ನು ಮುಂದೆ ಮಗುವಿಗೆ ತಾವು ಏನೂ ಕೊಡುವುದಿಲ್ಲ, ಮಗುವಿಗೇನೂ ಆಗುವುದಿಲ್ಲ. ಇಪ್ಪತ್ತೆರಡು ವರ್ಷದ ಭಾನುವಾರಗಳು ಹಾಗೆಯೇ ಉಳಿಯುತ್ತವೆ. ಯಾರಿಗೂ ನಷ್ಟವಿಲ್ಲ ಎಂದುಕೊಂಡವರು ಹೆಂಡತಿಯ ಕಡೆ ನೋಡಿದರು. ಆಕೆ ಇನ್ನೂ ತನ್ನ ಅಂಗೈ ನೋಡಿಕೊಳ್ಳುತ್ತಿದ್ದರು. ಇನ್ನು ಈಕೆ ಈ ಮಗುವಿಗೆಂದು ಒಲೆ ಹೊತ್ತಿಸುವುದಿಲ್ಲ ಎಂಬುದು ಅವರಿಗೆ ಖಚಿತವಾಗಿ ತಿಳಿಯಿತು.

"ಸೌಟಲ್ಲ," ಎಂದರು. ಸೊಸೆಯ ಕಡೆ ತಿರುಗಿ ಮತ್ತೊಮ್ಮೆ ಹೇಳಿದರು. "ಸೌಟಲ್ಲ ಅಮಿತಾ. ನಾನು ಮಾತ್ರೆ ಕೊಟ್ಟಿದ್ದೆ. ಅದು ಹಾಲಿನ ಸಕ್ಕರೆಯದ್ದು."

ಅಮಿತಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ನಿಮ್ಮ ಗುಳಿಗೆಯಾ? ಅದು ದಿನಾ ತಿಂತಾಳಲ್ಲ?"

"ಅದಲ್ಲ. ಬೇರೆ. ಚಪ್ಪಟೆಯದ್ದು. ನಿನ್ನೆ ಶುರು ಮಾಡಿದ್ದು."

ಅವಳು ಕೂಗಾಡುತ್ತಾಳೆ ಎಂದು ಅವರು ಕಾದಿದ್ದರು; ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಡಾಕ್ಟರನ್ನು ಕರೆದು ಹಿಂದಿಯಲ್ಲಿ ವಿಷಯ ಹೇಳಿದಳು. ಡಾಕ್ಟರು ಬರೆದುಕೊಂಡರು. ಹಾಲಿನಿಂದ ತೆಗೆದ ಸಕ್ಕರೆಯಲ್ಲಿ ಹಾಲಿನ ಅಂಶ ಎಷ್ಟೋ ಸಲ ಕಣದಷ್ಟು ಉಳಿದಿರುತ್ತದೆ, ಬೇರೆ ಮಕ್ಕಳಿಗೆ ಅದರಿಂದ ಏನೂ ಆಗದು, ಇಂಥ ಮಗುವಿಗೆ ಅಷ್ಟೇ ಸಾಕಾಗಬಹುದು, ನಮ್ಮ ಕೆಲವು ಇನ್‌ಹೇಲರುಗಳ ಪುಡಿಯಲ್ಲೂ ಅದೇ ಇರುತ್ತದೆ, ಹೇಳಿದ್ದು ಒಳ್ಳೆಯದಾಯಿತು ಎಂದರು. ಆಕೆ ಬೈಯಲಿಲ್ಲ. ಆ ಬಾಟಲಿಯನ್ನು ತಂದು ತೋರಿಸಿ ಎಂದಷ್ಟೇ ಹೇಳಿ ಹೋದರು.

"ಅದ್ರಲ್ಲಿ ಏನೂ ಇರೋದಿಲ್ಲ, ಕೊಟ್ರೆ ಕೊಡ್ಲಿ ಅಂತ ಶೈಲೇಶ್ ಹತ್ರ ನಾನೇ ಹೇಳಿದ್ದು," ಎಂದಳು ಅಮಿತಾ, ಯಾರಿಗೆಂದಿಲ್ಲದೆ. "ಬಿಸ್ಕುಟಿನ ಪ್ಯಾಕೆಟ್ ಹಿಂದೆ ಬರೆದದ್ದು ಎಲ್ಲ ಓದ್ತೇನೆ. ನಿಮ್ಮ ಬಾಟ್ಲಿ ಒಂದನ್ನೂ ಓದ್ಲಿಲ್ಲ."

ಲೋಕನಾಥರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ನಳಿನಾಕ್ಷಿ ಸ್ಟೂಲಿನಿಂದ ತಲೆ ಎತ್ತಿದರು. ಗಂಡನೊಂದಿಗೆ ತುಳುವಲ್ಲದೆ ಬೇರೆ ಭಾಷೆ ಆಡದವರು ಈಗ ಸೊಸೆಗೂ ತಿಳಿಯಲಿ ಎಂಬಂತೆ ಕನ್ನಡದಲ್ಲಿ ಕೇಳಿದರು.

"ನಿನ್ನೆ ಕೊಟ್ಟಾಗ ಏನೂ ಆಗ್ಲಿಲ್ವಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. "ತುಟಿ ಕೆಂಪಾಗಿತ್ತು," ಎಂದರು ಲೋಕನಾಥರು. "ಗಲ್ಲದಲ್ಲಿ ದದ್ದು."

"ನೀವು ನೋಡಿದ್ರಾ?"

"ನೋಡಿದೆ."

"ನನಗೆ ಯಾಕೆ ಹೇಳ್ಲಿಲ್ಲ?"

ಲೋಕನಾಥರು ಮಂಚದ ಕಬ್ಬಿಣದ ಸರಳನ್ನು ಹಿಡಿದುಕೊಂಡರು. "ನನಗೆ ಖುಷಿಯಾಗಿತ್ತು ನಳಿನಾಕ್ಷಿ," ಎಂದರು.

ನಳಿನಾಕ್ಷಿ ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಆ ರೀತಿ ನೋಡಿದ್ದು ಲೋಕನಾಥರಿಗೆ ನೆನಪಿರಲಿಲ್ಲ. ಆಮೇಲೆ ಎದ್ದು ಮಂಚದ ಆಚೆ ಬದಿಗೆ ಹೋಗಿ ಸೊಸೆಯ ಪಕ್ಕದಲ್ಲಿ ನಿಂತರು. ಅಮಿತಾ ಸರಿದು ಜಾಗ ಮಾಡಿಕೊಟ್ಟಳು.

ಕಾರಿಡಾರಿನಲ್ಲಿ ಯಾರದೋ ಫೋನು ಬಡಿದುಕೊಂಡು ಸುಮ್ಮನಾಯಿತು. ನರ್ಸು ಬಂದು ಮಗುವಿನ ನಾಡಿ ನೋಡಿ, ಮುಖವಾಡ ತೆಗೆದು, ಕೇಳಿದರೆ ಒಂದೆರಡು ಗುಟುಕು ನೀರು ಕೊಡಬಹುದು ಎಂದು ಹೇಳಿ ಹೋದಳು. ಸ್ವಲ್ಪ ಹೊತ್ತಿಗೆ ತನ್ವಿ ಊದಿದ ರೆಪ್ಪೆಗಳನ್ನು ಕಷ್ಟಪಟ್ಟು ತೆರೆದಳು. ಅಮ್ಮನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ನೀರಿನ ಬಾಟಲಿ ಇದ್ದುದು ಅಜ್ಜ ನಿಂತಿದ್ದ ಈಚೆ ಬದಿಯ ಚಿಕ್ಕ ಕಪಾಟಿನ ಮೇಲೆ. ಅವಳು ಆ ಕಡೆಗೇ ಮುಖ ತಿರುಗಿಸಿದಳು.

"ಅಜ್ಜಾ, ಪಾಣೀ ದೇ ನಾ," ಎಂದಳು.

ಲೋಕನಾಥರು ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸಿದರು. ಮಗುವಿನ ಬಾಯಿಯ ಹತ್ತಿರ ಒಯ್ಯುವ ಧೈರ್ಯ ಬಾರದೆ, ಮಂಚದ ಮೇಲಿಂದ ಆಚೆ ಬದಿಗೆ ಚಾಚಿದರು. ಅಮಿತಾಳ ಎರಡೂ ಕೈ ಮಗಳ ತಲೆಯನ್ನು ಎತ್ತಿ ಹಿಡಿದಿದ್ದವು. ನಳಿನಾಕ್ಷಿ ಬಾಟಲಿಯನ್ನು ನೋಡಿದರು, ಕೈ ನೀಡಲಿಲ್ಲ. ಬಾಟಲಿ ವಾಲಿ ನಾಲ್ಕು ಹನಿ ನೀರು ಹಾಸಿಗೆಯ ಮೇಲೆ ಚೆಲ್ಲಿತು. ತನ್ವಿ ಬಾಯಿ ತೆರೆದುಕೊಂಡು ಅಜ್ಜನನ್ನೇ ನೋಡುತ್ತಿದ್ದಳು.