ಜೋಳದ ಹೊಲದ ಸುಳ್ಳಾನೆ

ತಿಗನಾರೆಗೆ ಆನೆ ಬರುವುದು ಹೊಸದಲ್ಲ. ಬಾರದ ಆನೆಗಾಗಿ ಊರೆಲ್ಲ ಎದ್ದು ಓಡುವುದು ಮಾತ್ರ ಹೊಸದು. ಒಂದೇ ವಾರದಲ್ಲಿ ಮೂರು ಸಲ ಶಿವಮಲ್ಲಮ್ಮನ ಮಗ ದಯಾನಂದ್ ಜೋಳದ ಹೊಲದ ಕಾವಲಿನ ಅಟ್ಟಣೆಯಿಂದ "ಆನ ಬಂತು!" ಎಂದು ಕೂಗಿದ್ದ. ಮೂರು ಸಲವೂ ಜನ ಟಾರ್ಚು, ಪಟಾಕಿ ಹಿಡಿದು ಓಡಿದ್ದರು. ಆನೆಯೂ ಇಲ್ಲ, ಲದ್ದಿಯೂ ಇಲ್ಲ. ಊರವರ ಬೈಗುಳವೆಲ್ಲ ಶಿವಮಲ್ಲಮ್ಮನ ಪಾಲಿಗೆ. ಅವಳಿಗೆ ಸಾಕುಸಾಕಾಗಿತ್ತು.

"ಗಾಳಿ ಸೋಕ್ಬುಟ್ಟದ ಕಣವ್ವ. ತಾಯತ ಕಟ್ಟುಸ್ಬೇಕು," ಎಂದಳು, ಬೆಳಿಗ್ಗೆ ಬಿ.ಪಿ. ನೋಡಲು ಬಂದ ನರ್ಸಮ್ಮ ಪರಿಮಳಳಿಗೆ.

"ಗಾಳಿನೂ ಇಲ್ಲ, ಏನೂ ಇಲ್ಲ. ಅಟ್ಟಣ ಮ್ಯಾಲ ಕುಂತು ಏನ್ ಸೇದ್ತಾನ ಅಂತ ಕೇಳುದ್ರಾ?"

ಕೇಳುವುದೇನು, ಶಿವಮಲ್ಲಮ್ಮನಿಗೆ ಗೊತ್ತೇ ಇತ್ತು. "ಗಾಂಜಾ ಸೊಪ್ಪು ಸೇದ್ತಾನ. ಕಾವ್ಲಲ್ಲಿ ನಿದ್ದ ಬರ್ದಂಗ ಇರ್ಲಿ ಅಂತ ನಾನೇ ಸುಮ್ನಿದ್ದೆ. ಅದೇನ್ ಸಾರಾಯಾ? ಗಿಡ್ದಲ್ಲಿ ಬುಡೂದು."

"ಕಳ್ಳಿ ಹಾಲೂ ಗಿಡದ್ದೇಯ. ಮಗನ ಕಣ್ಗ ಬುಟ್ಟಿರಾ?" ಪರಿಮಳಳ ದನಿ ಏರಿತು. "ಇಪ್ಪತ್ತು ವರ್ಸದ ಉಡ್ಗ. ಇಪ್ಪತ್ತೈದರ ತನ್ಕ ಮೆದುಳು ಬೆಳೀತಾನೇ ಇರ್ತದ. ಗಾಂಜಾ ಅದ್ಕೇ ಬಡಿಯೂದು. ನೆನಪು ಕಮ್ಮಿ ಆಯ್ತದ, ಎದ ಡವಡವ ಅಂತದ, ಕೆಮ್ಮು ಇಡೀತದ. ಕೆಲವ್ರಿಗ ಇಲ್ದೇ ಇರೋದು ಕಾಣ್ತದ, ಕೇಳ್ತದ. ಯಾರ್ಗ ಅಂತ ಮೊದ್ಲೇ ಯೋಳಕ್ಕಾಗಲ್ಲ."

"ಓದ್ದೋರ್ಗ ಎಲ್ಲಾದೂ ಕಾಯ್ಲನೇ," ಎಂದು ಶಿವಮಲ್ಲಮ್ಮ ಮುಖ ತಿರುಗಿಸಿದಳು.

ಅಷ್ಟರಲ್ಲಿ ದಯಾನಂದ್ ಬಂದ. ಒಂದೇ ಕಾಲಲ್ಲಿ ಚಪ್ಪಲಿ.

"ಕೋಳಿ ಕೂಗೋ ಒತ್ಗ ಆನ ಬಂದಿತ್ತವ್ವ."

"ಮತ್ತ ಸುರು ಮಾಡ್ದಾ? ಊರೋರ್ ಕೈಲಿ ಇನ್ನೆಷ್ಟು ಉಗುಸ್ಕಳ್ಲಾ ನಾನು?"

"ಈ ಸಲ ಕೂಗ್ನಿಲ್ಲ. ಇದೂ ಸುಳ್ಳಾನ ಅಂದ್ಕಂಡು ಕೆಳುಗ್ ಇಳ್ದು ಅತ್ರಕ್ಕೇ ಓಗ್ಬುಟ್ಟೆ. ಮುಟ್ಟಿ ನೋಡುಮ ಅಂತ ಕೈ ಚಾಚ್ದೆ. ಅದ್ರ ಉಸ್ರು ಮೊಕಕ್ಕ ಬಡೀತು ಕಣವ್ವ. ಅದ್ಕ ಏನನ್ನುಸ್ತೋ, ತಿರೀಕಂಡು ಓಯ್ತು."

ಶಿವಮಲ್ಲಮ್ಮ ನಂಬಲಿಲ್ಲ. ಗೊಣಗುತ್ತಲೇ ಹೊಲಕ್ಕೆ ನಡೆದಳು, ಹಿಂದೆ ಅವರಿಬ್ಬರು. ಅಟ್ಟಣೆಯ ಕೆಳಗೆ ಜೋಳ ಚಾಪೆಯಂತೆ ಮಲಗಿತ್ತು. ಕೆಸರಿನಲ್ಲಿ ಮೊರದಗಲದ ಹೆಜ್ಜೆ. ಅದರಿಂದ ಒಂದು ಮೊಳದಲ್ಲಿ ಮಗನ ಇನ್ನೊಂದು ಚಪ್ಪಲಿ ಬಿದ್ದಿತ್ತು.

ಶಿವಮಲ್ಲಮ್ಮನಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. "ನಿದ್ದ ಬಂದ್ರ ಮಲಿಕಳ್ಳಾ! ಜೋಳ ಓದ್ರ ಓಗ್ಲಿ! ಜೋಳ ಮುಂದ್ಲ ವರ್ಸ ಬತ್ತದ, ನೀ ಬತ್ತೀಯಾ?"

ದಯಾನಂದ್ ಚಪ್ಪಲಿ ಎತ್ತಿಕೊಂಡು ಪರಿಮಳಳ ಕಡೆ ತಿರುಗಿದ. "ಬುಡಾಕ್ ನೋಡ್ದೆ ಅಕ್ಕ. ಸೇದ್ದೇ ಇದ್ರ ನಿದ್ದನೇ ಬರಲ್ಲ, ಎಲ್ಲಾರ್ ಮ್ಯಾಲೂ ರೇಗ್ತೀನಿ."

"ಮೊದ್ಲು ಸ್ವಲ್ಪ ದಿನ ಅಂಗೇ," ಎಂದಳು ಪರಿಮಳ. "ಒಬ್ನೇ ಒದ್ದಾಡ್ಬ್ಯಾಡ. ತಾಳವಾಡಿ ಆಸ್ಪತ್ರೇಲಿ ಡಾಕ್ಟ್ರು ನೋಡ್ಕತಾರ."

ಶಿವಮಲ್ಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ತಾಯತ ಬ್ಯಾಡ ನರ್ಸಮ್ಮ. ತಾಳವಾಡಿ ಬಸ್ಸು ಎಷ್ಟೊತ್ಗ?"

ತಾಯಂದಿರೇ, ಅಪ್ಪಂದಿರೇ, "ಸೊಪ್ಪು ತಾನೆ" ಎಂದು ನೀವೂ ಸುಮ್ಮನಿದ್ದೀರಾ? ಮಗ ಮಂಕಾದರೆ, ಇಲ್ಲದ್ದನ್ನು ಕಂಡರೆ ಮುಚ್ಚಿಡಬೇಡಿ, ಹೊಡೆದು ಅಟ್ಟಬೇಡಿ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಸೇದುವ ತಮ್ಮಂದಿರೇ, ಇವತ್ತೇ ಬಿಡಿ. ಆನೆ ಎಲ್ಲ ಸಲವೂ ತಿರುಗಿಕೊಂಡು ಹೋಗುವುದಿಲ್ಲ.