ತಂತಿ ಮಾವನ ಕೋಣೆ

ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ತಂತಿ ಮಾವ ಎಂದೇ ಕರೆಯುತ್ತಿದ್ದರು. ನಿಜವಾಗಿ ಅವರು ಪುಟ್ಟಿಗೆ ಮಾತ್ರ ಸೋದರಮಾವ. ತಾಯಿಯಿಲ್ಲದ ಅವಳನ್ನು ಸಾಕಿ, ಓದಿಸಿ, ತಮ್ಮ ಕೈಕೆಳಗೇ ಕೆಲಸಕ್ಕೆ ಸೇರಿಸಿಕೊಂಡಿದ್ದರು. ಅವಳು ‘ಮಾವ’ ಎಂದು ಕೂಗುವುದನ್ನು ಕೇಳಿ ಕೇಳಿ, ಅವರಿಗಿಂತ ಹಿರಿಯರಾದ ದೊಡ್ಡ ಡಾಕ್ಟರಿಗೂ ಅವರು ಮಾವನೇ ಆಗಿಬಿಟ್ಟಿದ್ದರು.

ಅಂದು ಮಧ್ಯಾಹ್ನ ಅದೇ ಆಸ್ಪತ್ರೆಯ ಥಿಯೇಟರಿನಲ್ಲಿ ಮಾವನ ಎದೆಯ ಆಪರೇಷನ್ ನಡೆಯುತ್ತಿತ್ತು. ಹಿಂದಿನ ಸಂಜೆ ಕೆಲಸದ ನಡುವೆಯೇ ಎದೆ ಹಿಡಿದುಕೊಂಡು ಕುಸಿದಿದ್ದರು. ಹೊರಗಿನ ಬೆಂಚಿನ ಮೇಲೆ ಅತ್ತೆ ಪುಟ್ಟಿಯ ಕೈ ಬಿಡದೆ ಕೂತಿದ್ದರು. ಕಾರಿಡಾರಿನ ದೀಪಗಳು ಒಮ್ಮೆ ಆರಿ ಹೊತ್ತಿಕೊಂಡವು. ಸ್ವಲ್ಪ ಹೊತ್ತಿಗೆಲ್ಲ ಲ್ಯಾಬಿನ ಮೇಲ್ವಿಚಾರಕಿ ಏದುಸಿರು ಬಿಡುತ್ತಾ ಬಂದರು.

“ಕರೆಂಟು ಹೋಗಿ ಬಂದಾಗಿಂದ ನಮ್ಮ ರಿಪೋರ್ಟು ಎಲ್ಲೂ ಹೋಗ್ತಿಲ್ಲಮ್ಮ. ಥಿಯೇಟರಿಗೂ ಅಷ್ಟೆ. ಕಾಗದ ಹಿಡ್ಕೊಂಡು ಎಷ್ಟು ಅಂತ ಓಡೋದು?”

ಪುಟ್ಟಿ ಅತ್ತೆಯ ಮುಖ ನೋಡಿದಳು. “ಹೋಗು,” ಅಂದರು ಅತ್ತೆ. ಕೈ ಮಾತ್ರ ಬಿಡಲಿಲ್ಲ. ಪುಟ್ಟಿಯೇ ಮೆಲ್ಲಗೆ ಬೆರಳು ಬಿಡಿಸಿಕೊಂಡಳು.

ಔಷಧಿ ಗೋದಾಮಿನ ಪಕ್ಕದ ಮಾವನ ಕೋಣೆಗೆ ಹೋಗಿ, ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಬೆಸೆಯುವ ರೂಟರಿಗೆ ಲ್ಯಾಪ್‌ಟಾಪಿನ ಕೇಬಲ್ ಸಿಕ್ಕಿಸಿದಳು. ಕಪ್ಪು ಪರದೆಯ ಮೇಲೆ ಕರ್ಸರ್ ಮಿಣುಕುತ್ತಿತ್ತು. ತಲೆ ಮಾತ್ರ ಪೂರ್ತಿ ಖಾಲಿ. ಬೇರೆ ದಿನವಾಗಿದ್ದರೆ ಹಿಂದಕ್ಕೆ ತಿರುಗಿ “ಮುಂದೇನು ಮಾವ?” ಅಂದರಾಗುತ್ತಿತ್ತು.

“ನನ್ನನ್ನೇನು ಕೇಳ್ತೀಯೇ? ರೂಟರನ್ನೇ ಕೇಳು. ಪ್ರಶ್ನೆ ಚಿಹ್ನೆ ಒತ್ತು. ಅದ್ರಿಂದ ಏನೂ ಕೆಡಲ್ಲ. ಗೊತ್ತಿಲ್ದೆ ಎಂಟರ್ ಒತ್ತಿದ್ರೆ ಕೆಡೋದು.” ಹಾಗೆ ಗದರುತ್ತಿದ್ದ ಮಾವನೇ ಮರುಗಳಿಗೆ ಮುಂದಕ್ಕೆ ಬಾಗಿ ಹೇಳಿಯೂ ಕೊಡುತ್ತಿದ್ದರು. ಹೀಗಾಗಿ ಅವಳು ಅದನ್ನು ಕೇಳಿದ್ದೇ ಕಡಿಮೆ.

‘ಶೋ’, ಅಂದರೆ ತೋರಿಸು, ಎಂದು ಟೈಪ್ ಮಾಡಿ, ಜಾಗ ಬಿಟ್ಟು, ಪ್ರಶ್ನೆ ಚಿಹ್ನೆ ಒತ್ತಿದಳು. ಮುಂದೆ ಬರಬಹುದಾದ ಪದಗಳೆಲ್ಲ ಸಾಲಾಗಿ ಇಳಿದವು. ಒಂದೊಂದರ ಎದುರಿಗೂ ಚಿಕ್ಕದೊಂದು ವಿವರಣೆ. ಬೇಕಾದುದನ್ನು ಆರಿಸಿ ಮತ್ತೆ ಕೇಳಿದಳು. ಕೊನೆಗೆ ಒಂದೊಂದು ವಿಭಾಗದ ತಂತಿ ಬಂದು ಸೇರುವ ರೂಟರಿನ ಪೋರ್ಟುಗಳೆಲ್ಲ ಪರದೆಗೆ ಬಂದವು. ಲ್ಯಾಬಿನ ಪೋರ್ಟು ಮುಚ್ಚಿತ್ತು. ತಂತಿ ಕೆಟ್ಟಿರಲಿಲ್ಲ, ಆಜ್ಞೆ ಕೊಟ್ಟೇ ಮುಚ್ಚಿದ್ದು.

ಆಗ ಅವಳಿಗೆ ಅರ್ಥವಾಯಿತು. ನಿನ್ನೆ ಲ್ಯಾಬು ಹೊಸ ಕೋಣೆಗೆ ಹೋಗಿತ್ತು. ಅಲ್ಲಿಯವರೆಗೆ ಮುಚ್ಚಿದ್ದ ಈ ಪೋರ್ಟನ್ನು ತೆರೆದವರು ಮಾವ. ಆ ಬದಲಾವಣೆಯನ್ನು ರೂಟರಿನಲ್ಲಿ ಉಳಿಸಿಡುವ ಮೊದಲೇ ಎದೆ ಹಿಡಿದುಕೊಂಡಿದ್ದರು. ಕರೆಂಟು ಹೋಗಿ ಬಂದಾಗ ರೂಟರು ಹಳೆಯ ಸ್ಥಿತಿಗೇ ಮರಳಿತ್ತು.

ಕಣ್ಣು ಮಂಜಾಯಿತು. ತೋಳಿನಲ್ಲಿ ಒರೆಸಿಕೊಂಡಳು. ಪಕ್ಕದ ಪೋರ್ಟು ತೀವ್ರ ನಿಗಾ ಘಟಕದ್ದು. ಒಂದು ಅಂಕಿ ತಪ್ಪಿದರೂ ಅನಾಹುತ. ಒಂದು ಪದ, ಒಂದು ಪ್ರಶ್ನೆ ಚಿಹ್ನೆ, ಓದುವುದು, ಮತ್ತೊಂದು ಪದ. ಅಂಕಿಯನ್ನು ಮತ್ತೆ ನೋಡಿಕೊಂಡು ಮುಚ್ಚಿದ್ದನ್ನು ತೆರೆಯುವ ‘ನೋ ಶಟ್‌ಡೌನ್’ ಆಜ್ಞೆ ಬರೆದು ಎಂಟರ್ ಒತ್ತಿದಳು.

ಫೋನ್ ಹೊಡೆದುಕೊಂಡಿತು. ಲ್ಯಾಬಿನ ಮೇಲ್ವಿಚಾರಕಿ. “ರಿಪೋರ್ಟು ಹೋಯ್ತಮ್ಮ, ಎಲ್ಲಾ ಹೋಯ್ತು! ಥಿಯೇಟರಿಂದ ಸಿಕ್ತು ಅಂದ್ರು!”

ಉಳಿಸುವ ಆಜ್ಞೆಯನ್ನೂ ಹಾಗೇ ಕೇಳಿ ಹುಡುಕಿ, ಉಳಿಸಿ, ಓಡಿದಳು.

ಅವಳು ಬರುವಷ್ಟರಲ್ಲಿ ದೊಡ್ಡ ಡಾಕ್ಟರು ಅತ್ತೆಯ ಮುಂದೆ ಆಪರೇಷನ್ನಿನ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. “ರಿಪೋರ್ಟು ಹೊತ್ತಿಗೆ ಸರಿಯಾಗಿ ಬಂತಮ್ಮ. ರಕ್ತಾನೂ ಕೊಟ್ವಿ. ಮಾವನ ಹೃದಯಾನೇ ತಡೀಲಿಲ್ಲ.”

ಪುಟ್ಟಿ ಅತ್ತೆಯ ಕಾಲ ಬಳಿ ಕುಸಿದಳು. “ನಿಮ್ಮನ್ನ ಒಬ್ರನ್ನೇ ಬಿಟ್ಟು ಹೋಗ್ಬಿಟ್ಟೆ ಅತ್ತೆ...”

“ನೀನು ಹೋಗದೆ ಇಲ್ಲೇ ಕೂತಿದ್ರೆ ಅವರು ಸುಮ್ನೆ ಬಿಡ್ತಿದ್ರಾ?” ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಕೇಳಿದರು: “ಅವರ ಕೋಣೆ ತೋರಿಸ್ತೀಯಾ? ಇಷ್ಟು ವರ್ಷ ಆಯ್ತು, ಒಂದ್ಸಲಾನೂ ನೋಡಿಲ್ಲ.”

ಯಂತ್ರಗಳಿಗಾಗಿ ಏಸಿ ಹಗಲಿರುಳೂ ಓಡುವ ಕೋಣೆ ಅದು. ಬಾಗಿಲಲ್ಲೇ ಅತ್ತೆ ತೋಳು ಮುದುಡಿಕೊಂಡರು.

“ಇಷ್ಟು ಚಳೀಲಾ ಅವರು ಕೂತಿರ್ತಿದ್ದಿದ್ದು? ಒಂದು ಸ್ವೆಟರ್ ಹೆಣೆದುಕೊಡು ಅಂತ ಬಾಯಿಬಿಟ್ಟು ಕೇಳಬಾರದಾಗಿತ್ತಾ?”

ಆಗ ಅವರಿಗೆ ಅಳು ಬಂತು. ಪುಟ್ಟಿ ಮಾವನ ಕುರ್ಚಿ ಎಳೆದು ಅವರನ್ನು ಕೂರಿಸಿ, ಬಾಗಿಲು ಹಾಕಿದಳು.